ಶಲ್ಯೋದ್ಧರಣ: ರಕ್ತಮಾರ್ಗದೊಳಗೆ ಸಿಕ್ಕ ಮುಳ್ಳಿನ ಚರಿತ್ರೆ

ಧಾರವಾಡದ ಸಪ್ತಾಪುರ, ಮಾಳಮಡ್ಡಿ, ನಾರಾಯಣಪುರಗಳ ಮನೆಗಳಲ್ಲಿ ಹಿರಿಯರೊಬ್ಬರ ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ನಳಿಕೆಯನ್ನು ಸೇರಿಸಿ ಹೃದಯವನ್ನು ಪರೀಕ್ಷಿಸಿದರೆಂಬ ಸುದ್ದಿಯು ಈಗ ಯಾರನ್ನೂ ಬೆರಗುಗೊಳಿಸುವದಿಲ್ಲ. ಮೂರನೆಯ ದಿನವೇ ಅವರು ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತು ಚಹ ಕುಡಿದರೆಂಬ ವರ್ತಮಾನದೊಡನೆ ಆ ಮಾತು ಮುಗಿಯುವದು. ಆದರೆ ರಕ್ತದ ದಾರಿಯೊಳಗೆ ಇಳಿಸಿದ ಆ ನಳಿಕೆಯೇ ಒಳಗೆ ತುಂಡಾಗಿ ಉಳಿದರೆ ಗತಿಯೇನು? ವೈದ್ಯನು ರೋಗವನ್ನು ತೆಗೆಯಲು ಹಿಡಿದ ಸಾಧನವೇ ರೋಗಿಯ ಎದೆಯೊಳಗೆ ಮುಳ್ಳಾದರೆ ಅದನ್ನು ತೆಗೆಯುವವರು ಯಾರು, ತೆಗೆಯುವ ಬಗೆ ಯಾವುದು? ಈ ಪ್ರಶ್ನೆಯನ್ನು ಕೇಳಿದವರು ವಿರಳ. ಇದಕ್ಕೆ ಉತ್ತರವು ದೊರೆತು ಇನ್ನೂ ನೂರು ವರ್ಷಗಳಾಗಿಲ್ಲ. ಆದರೂ ಪ್ರಶ್ನೆಯ ಬೇರು ಬಹು ಹಳೆಯದು.

ಇಂಥ ಸಂಗತಿ ಬಂದಾಗ ನಮ್ಮಲ್ಲಿ ಎರಡು ಪಕ್ಷಗಳು ಏಳುವದು ವಾಡಿಕೆ. ಇದೆಲ್ಲವೂ ಸುಶ್ರುತನಲ್ಲಿ ಮೊದಲೇ ಇರುವದೆಂದು ಒಂದು ಪಕ್ಷವು ಸಾರುವದು. ಅಲ್ಲಿ ಎಲೆ ಬೇರುಗಳ ಹೊರತು ಮತ್ತೇನೂ ಇಲ್ಲವೆಂದು ಇನ್ನೊಂದು ಪಕ್ಷವು ನಗುವದು. ಎರಡೂ ಪಕ್ಷದವರು ಗ್ರಂಥವನ್ನು ತೆರೆದು ನೋಡಿದಂತೆ ತೋರುವದಿಲ್ಲ. ತೆರೆದು ನೋಡಿದರೆ ಸಿಕ್ಕುವದು ಹೆಮ್ಮೆಗಿಂತಲೂ ನಗೆಗಿಂತಲೂ ಸ್ವಾರಸ್ಯವಾದ ಸಂಗತಿ.

ಸುಶ್ರುತಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯಕ್ಕೆ ಪ್ರಣಷ್ಟಶಲ್ಯವಿಜ್ಞಾನೀಯವೆಂದು ಹೆಸರು. 27ನೆಯದಕ್ಕೆ ಶಲ್ಯಾಪನಯನೀಯವೆಂದು ಹೆಸರು. ಮೈಯೊಳಗೆ ಕಳೆದುಹೋದ ಶಲ್ಯವನ್ನು ಪತ್ತೆಹಚ್ಚುವದು ಮೊದಲನೆಯದರ ವಿಷಯ; ಪತ್ತೆಯಾದುದನ್ನು ತೆಗೆಯುವದು ಎರಡನೆಯದರ ವಿಷಯ. ಶಲ್ಯವೆಂದರೆ ಬಾಣದ ತುದಿಯೆಂದಷ್ಟೇ ತಿಳಿಯುವದು ಸರಿಯಲ್ಲ. ವೇಗವಾಗಿ ಚಲಿಸುವದೆಂಬ ಅರ್ಥದ ಧಾತುವಿನಿಂದ ಆ ಶಬ್ದವು ಹುಟ್ಟಿತೆಂದು ಆಚಾರ್ಯನೇ ಹೇಳಿರುವನು. ಶರೀರಕ್ಕೆ ಬಾಧೆಯನ್ನುಂಟುಮಾಡುವ ಯಾವ ವಸ್ತುವಾದರೂ ಅವನ ಮತದಲ್ಲಿ ಶಲ್ಯವೇ. ಅದರಲ್ಲಿ ಎರಡು ಬಗೆ: ಶರೀರದಲ್ಲಿಯೇ ಹುಟ್ಟಿ ಕೆಟ್ಟುನಿಂತದ್ದು ಒಂದು, ಹೊರಗಿನಿಂದ ಹೊಕ್ಕದ್ದು ಮತ್ತೊಂದು. ಹೊರಗಿನಿಂದ ಹೊಗುವ ವಸ್ತುಗಳಲ್ಲಿ ಕಬ್ಬಿಣ, ಬಿದಿರು, ಮರ, ಹುಲ್ಲು, ಕೊಂಬು, ಎಲುಬುಗಳನ್ನು ಎಣಿಸಿ, ಅವುಗಳಲ್ಲಿ ಲೋಹವೇ ಮುಖ್ಯವೆಂದು ತಿಳಿಸಿರುವನು. ರಕ್ತವು ಹೆಪ್ಪುಗಟ್ಟಿ ಧಮನಿಯನ್ನು ಮುಚ್ಚುವದನ್ನೂ, ಉಕ್ಕಿನ ತಂತಿಯು ಮುರಿದು ಸಿರೆಯೊಳಗೆ ಹೋಗುವದನ್ನೂ ಒಂದೇ ಶಾಸ್ತ್ರದ ಕೆಳಗೆ ತರುವ ಈಗಿನ ವೈದ್ಯರಿಗೆ ಈ ವಿಭಾಗವು ಅಪರಿಚಿತವೆನಿಸದು.

ಈ ಕೆಲಸಕ್ಕಾಗಿ ಹೇಳಿದ ಯಂತ್ರಗಳು 101. ಅವುಗಳಲ್ಲಿ ಕೈಯೇ ಪ್ರಧಾನವಾದ ಯಂತ್ರವೆಂಬ ಮಾತು ಪ್ರಸಿದ್ಧವಾಗಿದೆ. ಸ್ವಸ್ತಿಕಯಂತ್ರಗಳು 24, ಅವು 18 ಅಂಗುಲ ಉದ್ದದ ಇಕ್ಕಳಗಳು. ಮೃಗಪಕ್ಷಿಗಳ ಮುಖದ ಆಕಾರದಿಂದ ಅವುಗಳಿಗೆ ಹೆಸರುಗಳು ಬಂದಿವೆ. ಎಲ್ಲಕ್ಕೂ ಮಿಗಿಲಾದದ್ದು ಕಂಕಮುಖ, ಅಂದರೆ ಕಂಕಪಕ್ಷಿಯ ಕೊಕ್ಕಿನಂಥದು. ಅದು ಆಳಕ್ಕೆ ಸುಲಭವಾಗಿ ಇಳಿಯುವದು, ಶಲ್ಯವನ್ನು ಬಿಗಿಯಾಗಿ ಹಿಡಿಯುವದು, ಹಿಡಿದುಕೊಂಡು ತೊಡಕಿಲ್ಲದೆ ಮರಳುವದು. ನಾಡೀಯಂತ್ರಗಳು 20, ಇವು ಟೊಳ್ಳಾದ ಕೊಳವೆಗಳು. ಸ್ರೋತಸ್ಸಿನಲ್ಲಿ ಸಿಕ್ಕ ಶಲ್ಯವನ್ನು ತೆಗೆಯುವದು, ಒಳಗಿನ ರೋಗವನ್ನು ಕಾಣುವದು, ಹೀರುವದು, ಬೇರೆ ಉಪಕರಣಗಳ ಕೆಲಸಕ್ಕೆ ಅನುಕೂಲ ಮಾಡಿಕೊಡುವದು ಎಂದು ಅವುಗಳ ಪ್ರಯೋಜನವನ್ನು ನಾಲ್ಕು ವಿಧವಾಗಿ ಹೇಳಿದೆ. ಈಗಿನ ನಳಿಕೆಗೂ ಪ್ರಯೋಜನಗಳು ಇವೇ ನಾಲ್ಕು.

ಶಲ್ಯವು ಸಿರೆಯಲ್ಲಿ ನಿಂತರೆ ಸಿರೆಯು ಉಬ್ಬುವದು, ನೋಯುವದು, ಬಾಯುವದು. ಧಮನಿಯಲ್ಲಿದ್ದರೆ ನೊರೆಗೂಡಿದ ರಕ್ತವು ಶಬ್ದದೊಡನೆ ಹೊರಬೀಳುವದು. ಇಷ್ಟು ಸ್ಪಷ್ಟವಾದ ಕುರುಹು ತೋರದೆ, ಗಾಯ ಮಾಯ್ದು, ವಸ್ತುವು ಎಲ್ಲಿರುವದೆಂದು ತಿಳಿಯದಾದಾಗ ಮಾಡಬೇಕಾದ ಪರೀಕ್ಷೆಯು ವಿಚಿತ್ರವಾದದ್ದು. ರೋಗಿಯನ್ನು ಮುರಿದ ಗಾಲಿಯ ಬಂಡಿಯಲ್ಲಿ ಕೂಡ್ರಿಸಿ ಹಳ್ಳದಿಣ್ಣೆಗಳ ದಾರಿಯಲ್ಲಿ ವೇಗವಾಗಿ ಓಡಿಸಬೇಕು. ಮೈಯಲ್ಲಿ ಎಲ್ಲಿ ನೋವು ಕೆರಳುವದೋ ಅಲ್ಲಿಯೇ ಶಲ್ಯವಿರುವದೆಂದು ತಿಳಿಯಬೇಕು. ಸಿರೆ, ಧಮನಿ, ಸ್ರೋತಸ್ಸು, ಸ್ನಾಯುಗಳಲ್ಲಿ ಅಡಗಿದ ಶಲ್ಯಕ್ಕೇ ಈ ವಿಧಿಯನ್ನು ಹೇಳಿರುವದು ಗಮನಾರ್ಹ. ಮಳೆಗಾಲದಲ್ಲಿ ನಮ್ಮ ಬೀದಿಗಳಲ್ಲಿ ವಾಹನವೇರಿ ದವಾಖಾನೆಗೆ ಹೋದವರು ಗಾಲಿ ಗಟ್ಟಿಯಾಗಿದ್ದರೂ ಈ ಪರೀಕ್ಷೆಗೆ ಒಳಗಾಗಿಯೇ ಹೋಗಿರುವರೆಂದು ಯಾರಾದರೂ ವಿನೋದಕ್ಕೆ ಹೇಳಬಹುದು. ಆದರೆ ಪರೀಕ್ಷೆಯ ಹಿಂದಿನ ವಿಚಾರವು ವಿನೋದದ್ದಲ್ಲ. ಕಣ್ಣಿಗೆ ಕಾಣದ ವಸ್ತುವನ್ನು ಕಾಣುವ ಉಪಾಯವಿಲ್ಲದ ಕಾಲದಲ್ಲಿ ರೋಗಿಯ ನೋವನ್ನೇ ದೀಪವಾಗಿ ಹಿಡಿಯುವದೊಂದೇ ಮಾರ್ಗವಾಗಿತ್ತು.

ತೆಗೆಯುವ ದಾರಿಗಳು ಎರಡೇ: ಹೊಕ್ಕ ದಾರಿಯಿಂದಲೇ ಹಿಂದಕ್ಕೆ ಎಳೆಯುವದು, ಇಲ್ಲವೆ ಹೋಗುವ ದಿಕ್ಕಿಗೇ ಮುಂದೆ ತಳ್ಳಿ ಆಚೆಗೆ ತೆಗೆಯುವದು. ಹೃದಯದ ಸಮೀಪದ ಶಲ್ಯಕ್ಕೆ ರೋಗಿಯನ್ನು ತಣ್ಣೀರಿನಿಂದ ಬೆಚ್ಚಿಬೀಳಿಸಿ, ಅದು ಬಂದ ದಾರಿಯಿಂದಲೇ ತೆಗೆಯಬೇಕೆಂದಿದೆ. ಕಂಠದಲ್ಲಿ ಸಿಕ್ಕ ಅರಗಿನ ತುಂಡಿಗೆ ಹೇಳಿದ ಉಪಾಯವು ಇನ್ನೂ ಚಮತ್ಕಾರವುಳ್ಳದ್ದು. ಕೊಳವೆಯೊಂದನ್ನು ಗಂಟಲಿಗೆ ಇಳಿಸಿ, ಅದರೊಳಗಿನಿಂದ ಕಾಯಿಸಿದ ಶಲಾಕೆಯನ್ನು ತೂರಿಸಬೇಕು. ಬಿಸಿಯಾದ ಶಲಾಕೆಗೆ ಅರಗು ಅಂಟಿಕೊಳ್ಳುವದು, ಮೇಲೆ ತಣ್ಣೀರು ಹೊಯ್ದರೆ ಗಟ್ಟಿಯಾಗುವದು, ಆಗ ಎಳೆದುಕೊಳ್ಳಬೇಕು. ಕಾಯಿಸಿದ ಶಲಾಕೆಯು ಗಂಟಲನ್ನು ಸುಡದಂತೆ ಕೊಳವೆಯು ಕಾಪಾಡುವದು. ಸಿಕ್ಕ ವಸ್ತುವು ಅರಗಲ್ಲದಿದ್ದರೆ ಶಲಾಕೆಯ ತುದಿಗೇ ಅರಗು ಮೇಣಗಳನ್ನು ಬಳಿದು ಇಳಿಸಬೇಕು. ಎಲುಬು ಸಿಕ್ಕರೆ ಕೂದಲಿನ ಉಂಡೆಯನ್ನು ಉದ್ದವಾದ ಗಟ್ಟಿ ದಾರಕ್ಕೆ ಕಟ್ಟಿ ದ್ರವದೊಡನೆ ನುಂಗಿಸಿ, ಎಲುಬು ಅದಕ್ಕೆ ತೊಡರಿದಾಗ ದಾರವನ್ನು ಜಗ್ಗಬೇಕು. ಕೊಳವೆಯೊಳಗೆ ಶಲಾಕೆ, ದಾರದ ತುದಿಗೆ ತೊಡಕು: ಈ ಎರಡು ಯುಕ್ತಿಗಳನ್ನು ವಾಚಕರು ನೆನಪಿನಲ್ಲಿಡಬೇಕು. ಎರಡೂ ಮುಂದೆ ಬರುವವು.

ಇನ್ನೊಂದು ಮಾತು. ಶರೀರದ 107 ಮರ್ಮಗಳಲ್ಲಿ 3ಕ್ಕೆ ವಿಶಲ್ಯಘ್ನವೆಂದು ಹೆಸರು. ಅಲ್ಲಿ ನೆಟ್ಟ ಶಲ್ಯವು ಇರುವವರೆಗೆ ಮನುಷ್ಯನು ಬದುಕಿರುವನು, ಕಿತ್ತರೆ ಸಾಯುವನು. ಆದಕಾರಣ ಅದನ್ನು ಹಾಗೆಯೇ ಬಿಡತಕ್ಕದ್ದು. ತೆಗೆಯುವ ವಿದ್ಯೆಯನ್ನು ಇಷ್ಟು ವಿಸ್ತಾರವಾಗಿ ಬರೆದವನು ತೆಗೆಯಬಾರದೆಂಬುದನ್ನೂ ಬರೆದಿರುವನು.

ಇಷ್ಟರಿಂದ ಪ್ರಾಚೀನರು ರಕ್ತಮಾರ್ಗದೊಳಗೆ ನಳಿಕೆಯನ್ನು ನಡೆಸುತ್ತಿದ್ದರೆಂದು ಹೇಳಲು ಬರುವದಿಲ್ಲ. ನಾಡೀಯಂತ್ರವು ಹೋದದ್ದು ಗಂಟಲು, ಕಿವಿ, ಗುದ ಮೊದಲಾದ ತೆರೆದ ದ್ವಾರಗಳಿಗೆ. ಅಲ್ಲದೆ ಸುಶ್ರುತನ ಸಿರೆ ಧಮನಿಗಳನ್ನು ಈಗಿನ ಶಾರೀರಶಾಸ್ತ್ರದ ಸಿರೆ ಧಮನಿಗಳೊಡನೆ ಸರಿಸರಿಯಾಗಿ ಹೊಂದಿಸುವದು ಸಾಧ್ಯವಿಲ್ಲ. ಹೆಸರು ಒಂದಾದ ಮಾತ್ರಕ್ಕೆ ವಸ್ತುವು ಒಂದಾಗದು. ಎಲ್ಲಕ್ಕೂ ಮುಖ್ಯವಾಗಿ, ತೋಳಿನ ಸಿರೆಯಲ್ಲಿ ಹೊಕ್ಕ ವಸ್ತುವು ತಾನಾಗಿ ಹೃದಯಕ್ಕೆ ಹೋಗುವದೆಂಬ ಜ್ಞಾನಕ್ಕೆ ರಕ್ತವು ಸುತ್ತುವದೆಂಬ ಜ್ಞಾನವು ಮೊದಲು ಬೇಕು. ಅದನ್ನು ಇಂಗ್ಲಂಡದ ವಿಲಿಯಂ ಹಾರ್ವೆಯು ಸಿದ್ಧಪಡಿಸಿ ಪ್ರಕಟಿಸಿದ್ದು 1628ರಲ್ಲಿ. ಇತ್ತ ನಮ್ಮ ನಾಡಿನಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು; 14ನೆಯ ಶತಮಾನದ ಮಂಗರಾಜನು ವಿಷವೈದ್ಯಕ್ಕೆ ಖಗೇಂದ್ರಮಣಿದರ್ಪಣವನ್ನು ಬರೆದನು. ಔಷಧ ವಿಷಗಳ ವಿಚಾರವು ಹೀಗೆ ಕನ್ನಡಕ್ಕೆ ಬಂದಿತು; ಕೊಳವೆ ಇಕ್ಕಳಗಳ ವಿದ್ಯೆಯು ಕೈಯಿಂದ ಕೈಗೆ ಬರುವದು ನಿಂತುಹೋಗಿ ಸಂಸ್ಕೃತ ಪಾಠಶಾಲೆಗಳ ಓಲೆಗಳಲ್ಲಿ ಉಳಿಯಿತು. ಸುಶ್ರುತಸಂಹಿತೆಯನ್ನು ಕಲಕತ್ತೆಯಲ್ಲಿ ಮೊದಲು ಅಚ್ಚುಹಾಕಿಸಿದ ಪಂಡಿತ ಮಧುಸೂದನ ಗುಪ್ತರೇ 1836ರಲ್ಲಿ ಅಲ್ಲಿಯ ವೈದ್ಯಕೀಯ ಕಾಲೇಜಿನಲ್ಲಿ ಶವಚ್ಛೇದನಕ್ಕೆ ಕೈಯಿಟ್ಟರೆಂಬದು ಈ ಎರಡು ವಿದ್ಯೆಗಳು ಮತ್ತೆ ಸಂಧಿಸಿದ ಗಳಿಗೆಯೆನ್ನಬಹುದು.

ಅದೇ ಸುಮಾರಿಗೆ, 1834ರಲ್ಲಿ, ಇಂಗ್ಲಂಡದ ಸೆವರ್ನ್ ನದಿಯ ದಂಡೆಯ ಅಪ್ಟನ್ ಎಂಬ ಊರಿನ ವೈದ್ಯ ಥಾಮಸ್ ಡೇವಿಸನು ಒಂದು ಕರುಣಾಜನಕವಾದ ವೃತ್ತಾಂತವನ್ನು ಪ್ರಕಟಿಸಿದನು. ಹತ್ತು ವರ್ಷದ ಹುಡುಗನೊಬ್ಬನು ಆಟದ ಬಂದೂಕವನ್ನು ಮಾಡಿ ಹಾರಿಸಿದಾಗ ಅದರ ಹಿಂಬದಿಯ ಕಟ್ಟಿಗೆಯ ಬೆಣೆಯು ಸಿಡಿದು ಅವನ ಎದೆಯ ಬಲಭಾಗವನ್ನು ಹೊಕ್ಕಿತು. ಹುಡುಗನು ಕೂಡಲೆ ಸಾಯಲಿಲ್ಲ. ಕೆಲವು ದಿವಸ ಓಡಾಡಿಕೊಂಡು ಕೂಡ ಇದ್ದನು. ಐದು ವಾರಗಳ ಸುಮಾರಿಗೆ ತೀರಿಕೊಂಡನು. ಎದೆಯನ್ನು ತೆರೆದು ನೋಡಿದಾಗ ಬೆಣೆಯು ಹೃದಯದ ಬಲಗಡೆಯ ಕೋಣೆಯಲ್ಲಿತ್ತು. ಹೃದಯದ ಗೋಡೆಯ ಮೇಲೆ ಮಾತ್ರ ಗಾಯದ ಗುರುತಿರಲಿಲ್ಲ. ಹಾಗಾದರೆ ಒಳಗೆ ಹೋದದ್ದು ಹೇಗೆ? ದೊಡ್ಡ ಸಿರೆಯನ್ನು ಹೊಕ್ಕು ರಕ್ತದೊಡನೆ ತೇಲಿಕೊಂಡು ಹೃದಯಕ್ಕೆ ಬಂದಿರಬೇಕೆಂದು ಡೇವಿಸನು ಊಹಿಸಿದನು. ವೇಗವಾಗಿ ಚಲಿಸುವದೇ ಶಲ್ಯವೆಂಬ ನಿರುಕ್ತಿಗೆ ಇದಕ್ಕಿಂತ ಮಿಗಿಲಾದ ಉದಾಹರಣೆ ಸಿಕ್ಕುವದು ಕಷ್ಟ. ಆದರೆ ಆ ವೈದ್ಯನಿಗೆ ಅದು ತಿಳಿದದ್ದು ಹುಡುಗನು ಸತ್ತ ಮೇಲೆ. ಬದುಕಿರುವಾಗ ತಿಳಿದಿದ್ದರೂ ಅವನು ಮಾಡಬಹುದಾದದ್ದು ಏನೂ ಇರಲಿಲ್ಲ.

1895ರಲ್ಲಿ ರಾಂಟ್‌ಜೆನ್‌ನು ಕ್ಷ-ಕಿರಣಗಳನ್ನು ಕಂಡುಹಿಡಿದದ್ದರಿಂದ ಮುರಿದ ಗಾಲಿಯ ಬಂಡಿಯ ಅವಶ್ಯಕತೆ ತಪ್ಪಿತು. ಲೋಹವು ಎಲ್ಲಿದ್ದರೂ ಕಾಣುವಂತಾಯಿತು. ತೆಗೆಯುವದು ಮಾತ್ರ ಎದೆಯನ್ನು ಸೀಳಿಯೇ. ಎರಡನೆಯ ಮಹಾಯುದ್ಧದಲ್ಲಿ ಅಮೇರಿಕದ ಡ್ವೈಟ್ ಹಾರ್ಕನ್ ಎಂಬ ಶಸ್ತ್ರವೈದ್ಯನು ಇಂಗ್ಲಂಡದ ಸೈನಿಕ ದವಾಖಾನೆಯಲ್ಲಿ ಗಾಯಾಳು ಸಿಪಾಯಿಗಳ ಹೃದಯದಿಂದಲೂ ಅದರ ಸುತ್ತಲಿನ ಮಹಾನಾಳಗಳ ನೆರೆಯಿಂದಲೂ 134 ಗುಂಡು ಚೂರುಗಳನ್ನು ತೆಗೆದನು, ಒಬ್ಬನೂ ಸಾಯಲಿಲ್ಲ. ಧೈರ್ಯದ ಪರಮಾವಧಿಯಿದು. ಆದರೆ ಅದು ಎದೆಯನ್ನು ತೆರೆಯುವ ದಾರಿ.

ತೆರೆಯದೆ ಹೋಗುವ ದಾರಿಯನ್ನು ತೋರಿಸಿದವನು ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ತರುಣ ವೈದ್ಯ ವರ್ನರ್ ಫೋರ್ಸ್‌ಮನ್. 1929ರಲ್ಲಿ ಅವನಿಗೆ ಸುಮಾರು 25 ವರ್ಷ. ತೋಳಿನ ಸಿರೆಯಿಂದ ಹೃದಯದವರೆಗೆ ನಳಿಕೆಯನ್ನು ನಡೆಸಬಹುದೆಂದು ಅವನ ಎಣಿಕೆ. ಮೇಲಧಿಕಾರಿಯು ಅಪ್ಪಣೆ ಕೊಡಲಿಲ್ಲ. ಶಸ್ತ್ರಕ್ರಿಯೆಯ ಸಾಮಾನುಗಳ ಕೀಲಿಯು ಗೆರ್ಡಾ ಡಿಟ್‌ಜೆನ್ ಎಂಬ ದಾದಿಯ ಕೈಯಲ್ಲಿತ್ತು. ಪ್ರಯೋಗವನ್ನು ತನ್ನ ಮೇಲೆಯೇ ಮಾಡೆಂದು ಅವಳು ಒಪ್ಪಿದಳು. ಅವನು ಅವಳನ್ನು ಮೇಜಿಗೆ ಕಟ್ಟಿ, ಅವಳ ತೋಳಿನ ಮೇಲೆ ಕೆಲಸ ನಡೆಸಿದಂತೆ ನಟಿಸಿ, ಮೂತ್ರನಾಳಕ್ಕೆ ಬಳಸುವ ತೆಳುವಾದ ನಳಿಕೆಯನ್ನು ತನ್ನ ಎಡದೋಳಿನ ಸಿರೆಯೊಳಗೆ 65 ಸೆಂಟಿಮೀಟರಿನಷ್ಟು ನೂಕಿಕೊಂಡನು. ಬಳಿಕ ಅವಳ ಕಟ್ಟನ್ನು ಬಿಚ್ಚಿ, ಇಬ್ಬರೂ ಕ್ಷ-ಕಿರಣದ ಕೋಣೆಗೆ ನಡೆದು ಹೋಗಿ ಚಿತ್ರ ತೆಗೆಯಿಸಿದರು. ನಳಿಕೆಯ ತುದಿಯು ಹೃದಯದ ಬಲಭಾಗದಲ್ಲಿತ್ತು. ಮೋಸಹೋದ ಆ ದಾದಿಯ ಸಿಟ್ಟಿಗೆ ಚರಿತ್ರೆಯಲ್ಲಿ ಎರಡು ಸಾಲಿನ ಸ್ಥಳವಾದರೂ ಸಲ್ಲಬೇಕು. ಫೋರ್ಸ್‌ಮನ್‌ನಿಗೆ ಮೊದಲು ದೊರೆತದ್ದು ಬಯ್ಗಳು ಮಾತ್ರ. ನ್ಯೂಯಾರ್ಕಿನ ಕೂರ್ನಾಂದ್, ರಿಚರ್ಡ್ಸ್ ಎಂಬಿಬ್ಬರು ಆ ವಿದ್ಯೆಯನ್ನು ಬೆಳೆಸಿದ ತರುವಾಯ 1956ರಲ್ಲಿ ಮೂವರಿಗೂ ನೊಬೆಲ್ ಪಾರಿತೋಷಕವು ಬಂದಿತು. ನಡುವೆ 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರನು, ಸೂಜಿಯಿಂದ ಚುಚ್ಚಿ, ಸೂಜಿಯೊಳಗಿನಿಂದ ತಂತಿಯನ್ನು ಬಿಟ್ಟು, ಸೂಜಿಯನ್ನು ತೆಗೆದು, ತಂತಿಯ ಮೇಲಿನಿಂದ ನಳಿಕೆಯನ್ನು ಜಾರಿಸುವ ಸರಳ ಕ್ರಮವನ್ನು ಪ್ರಕಟಿಸಿದನು. ಚರ್ಮವನ್ನು ಕೊಯ್ಯುವ ಕಾರಣವೂ ಇಲ್ಲದಂತಾಯಿತು.

ಈ ಸೌಕರ್ಯದಿಂದಲೇ ಹೊಸ ಶಲ್ಯವು ಹುಟ್ಟಿತು. 1940ರ ದಶಕದಿಂದ ಪ್ಲಾಸ್ಟಿಕ್ಕಿನ ಮೆತ್ತನೆಯ ನಳಿಕೆಗಳನ್ನು ಸಿರೆಗಳಲ್ಲಿ ಇಡತೊಡಗಿದರು. ಉಕ್ಕಿನ ಸೂಜಿಯೊಳಗಿನಿಂದ ಅದನ್ನು ನೂಕುವಾಗ ತೊಂದರೆಯಿಲ್ಲ. ಸರಿಯಾಗಲಿಲ್ಲವೆಂದು ಹಿಂದಕ್ಕೆ ಎಳೆದರೆ ಸೂಜಿಯ ಹರಿತವಾದ ಅಂಚು ಅದನ್ನು ಕತ್ತರಿಸಿ ಹಾಕುವದು. ಕತ್ತರಿಸಿದ ತುಂಡು ರಕ್ತದೊಡನೆ ಹೃದಯದ ಬಲಭಾಗಕ್ಕೋ ಫುಪ್ಫುಸದ ಧಮನಿಗೋ ಹೋಗಿ ನಿಲ್ಲುವದು. ಮೊಣಕೈಯ ಸಿರೆಯಿಂದ ಬಲಹೃದಯಕ್ಕೆ ಹೋದ ಇಂಥ ತುಂಡಿನ ವರದಿಯನ್ನು ಟರ್ನರ್, ಸಾಮರ್ಸ್ ಎಂಬವರು 1954ರಲ್ಲಿ ಪ್ರಕಟಿಸಿದರು. ಅದು ತಿಳಿದದ್ದು ಮರಣೋತ್ತರ ಪರೀಕ್ಷೆಯಲ್ಲಿ. ಸೆವರ್ನ್ ದಂಡೆಯ ಹುಡುಗನ ಕಥೆಯೇ ಮರಳಿತು. ವ್ಯತ್ಯಾಸವಿಷ್ಟೇ: ಅಲ್ಲಿ ಮುಳ್ಳನ್ನು ಹೊಗಿಸಿದ್ದು ಆಟ, ಇಲ್ಲಿ ಚಿಕಿತ್ಸೆ. ಸುಶ್ರುತನು ಎಣಿಸಿದ ಶಲ್ಯಗಳಲ್ಲಿ ವೈದ್ಯನ ಕೈಯಿಂದ ಬಂದದ್ದಕ್ಕೆ ಪ್ರತ್ಯೇಕ ಹೆಸರಿಲ್ಲ. ಈ ಕಾಲದಲ್ಲಿ ಅದೇ ಮುಖ್ಯವಾಯಿತು.

1964ರಲ್ಲಿ ಥಾಮಸ್ ಮತ್ತು ಅವನ ಸಂಗಡಿಗರು ಹೃದಯದ ಬಲಕೋಣೆಯಲ್ಲಿಯೂ ಕೆಳಗಿನ ಮಹಾಸಿರೆಯಲ್ಲಿಯೂ ಸಿಕ್ಕಿದ್ದ ಉಕ್ಕಿನ ಸುರುಳಿತಂತಿಯ ತುಂಡನ್ನು ಎದೆ ತೆರೆಯದೆ ತೆಗೆದ ಸಂಗತಿಯನ್ನು ಪ್ರಕಟಿಸಿದರು. ಅವರು ಬಳಸಿದ್ದು ಶ್ವಾಸನಾಳದೊಳಗಿನ ವಸ್ತುಗಳನ್ನು ತೆಗೆಯಲು ಮಾಡಿದ ಉದ್ದ ಇಕ್ಕಳ. ಕಾಲಿನ ಸಿರೆಯಿಂದ ಅದನ್ನು ಮೇಲಕ್ಕೆ ನಡೆಸಿದರು. ಕಂಕಮುಖವು ಕೊನೆಗೂ ಸಿರೆಯೊಳಗೆ ಇಳಿಯಿತು. ಆದರೆ ಗಟ್ಟಿಯಾದ ಇಕ್ಕಳವು ಹೃದಯದ ಮೃದುವಾದ ಕವಾಟಗಳ ಬಳಿ ಅಪಾಯಕಾರಿ. 1967ರಲ್ಲಿ ಮಸ್ಸೂಮಿ, ರಾಸ್ ಎಂಬವರು ಇಕ್ಕಳವನ್ನು ಬಿಟ್ಟು ಕುಣಿಕೆಯನ್ನು ಹಿಡಿದರು. ತೆಳುವಾದ ತಂತಿಯನ್ನು ನಡುವೆ ಮಡಚಿ ನಳಿಕೆಯೊಳಗಿನಿಂದ ಹಾಯಿಸಿದರೆ ಆಚೆಯ ತುದಿಯಲ್ಲಿ ಕುಣಿಕೆಯಾಗುವದು; ಅದನ್ನು ತುಂಡಿಗೆ ತೊಡಿಸಿ, ಹೊರಗಿನ ತುದಿಗಳನ್ನು ಎಳೆದರೆ ಬಿಗಿಯುವದು. ಕೊಳವೆಯೊಳಗೆ ಶಲಾಕೆ, ದಾರದ ತುದಿಗೆ ತೊಡಕು! ಇವರು ಸುಶ್ರುತನನ್ನು ಓದಿದ್ದರೆಂದು ಹೇಳಬೇಕಾಗಿಲ್ಲ. ಇಕ್ಕಟ್ಟಾದ ದಾರಿಯ ಕೊನೆಯಲ್ಲಿ ಕಾಣದ ವಸ್ತುವನ್ನು ಹಿಡಿಯಬೇಕಾದ ಬುದ್ಧಿಯು ಯಾವ ದೇಶದಲ್ಲಿಯಾದರೂ ಇದೇ ಯುಕ್ತಿಗೆ ಬರುವದು ಸ್ವಾಭಾವಿಕ.

ಧಮನಿಯ ಇಕ್ಕಟ್ಟನ್ನು ನಳಿಕೆಯಿಂದಲೇ ಹಿಗ್ಗಿಸುವದನ್ನು 1964ರಲ್ಲಿ ಆರಂಭಿಸಿದ ಆರೆಗಾನಿನ ಚಾರ್ಲ್ಸ್ ಡಾಟರನು 1971ರಲ್ಲಿ ತನ್ನ ಇಬ್ಬರು ಸಹಕಾರಿಗಳೊಡನೆ, ಹೃದಯ ಮಹಾನಾಳಗಳಿಂದ ತುಂಡುಗಳನ್ನು ಹೀಗೆ ತೆಗೆದ 29 ಪ್ರಸಂಗಗಳನ್ನು ಕೂಡಿಸಿ ಪ್ರಕಟಿಸಿದನು. ಅಲ್ಲಿಂದ ಮುಂದೆ ಇದು ಒಬ್ಬಿಬ್ಬರ ಸಾಹಸವಾಗಿ ಉಳಿಯದೆ ಕ್ರಮವಾದ ವಿದ್ಯೆಯಾಯಿತು. ಶರೀರಜಶಲ್ಯವೆನ್ನಬಹುದಾದ ಹೆಪ್ಪುರಕ್ತಕ್ಕೆ ಥಾಮಸ್ ಫೋಗರ್ಟಿಯು 1963ರಲ್ಲಿ ಪ್ರಕಟಿಸಿದ ಉಪಾಯವು ಇದರ ಸೋದರನೇ. ನಳಿಕೆಯ ತುದಿಗೆ ರಬ್ಬರಿನ ಕೈಚೀಲದ ಬೆರಳತುದಿಯನ್ನು, ಮೀನುಗಾಳಕ್ಕೆ ಕೃತಕ ಹುಳವನ್ನು ಕಟ್ಟುವ ಗಂಟಿನಿಂದ ಕಟ್ಟಿ, ಹೆಪ್ಪನ್ನು ದಾಟಿಸಿ, ಬುರುಡೆಯಂತೆ ಉಬ್ಬಿಸಿ, ಹಿಂದಕ್ಕೆ ಎಳೆದನು. ಮೀನು ಹಿಡಿಯುವ ಹವ್ಯಾಸವು ಸಾವಿರಾರು ಜನರ ಕಾಲುಗಳನ್ನು ಉಳಿಸಿತು.

1991ರ ಸುಮಾರಿಗೆ ನಿಕಲ್ ಟೈಟೇನಿಯಮ್‌ಗಳ ಮಿಶ್ರಲೋಹದ ಕುಣಿಕೆಯು ಬಂದಿತು. ಮಡಚಿ ನಳಿಕೆಯಲ್ಲಿ ತುಂಬಿದರೂ ಹೊರಬಂದ ಕೂಡಲೆ ಮೊದಲಿನ ಆಕಾರವನ್ನು ತಾಳುವದು ಈ ಲೋಹದ ಗುಣ. ಕುಣಿಕೆಯು ತಂತಿಗೆ ಕಾಟಕೋನದಲ್ಲಿ ಬಾಗಿ ನಿಲ್ಲುವದರಿಂದ ನಾಳದ ಅಡ್ಡಕ್ಕೆ ಬಳೆಯಂತೆ ತೆರೆದುಕೊಳ್ಳುವದು. ಇದಕ್ಕೆ ಅವರು ಇಟ್ಟ ಹೆಸರು ಹೆಬ್ಬಾತಿನ ಕೊರಳು. ಕಂಕಪಕ್ಷಿಯ ಕೊಕ್ಕಿನಿಂದ ಹೊರಟದ್ದು ಹೆಬ್ಬಾತಿನ ಕೊರಳಿಗೆ ಬಂದು ಮುಟ್ಟಿತು. ಉಪಕರಣಗಳಿಗೆ ಹಕ್ಕಿಗಳ ಹೆಸರಿಡುವ ಚಪಲವು ಎರಡೂ ಕಾಲದವರಿಗೆ ಸಮಾನ.

ಈಗ ಕೆಲಸವು ನಡೆಯುವ ಬಗೆ ಹೀಗೆ. ತೊಡೆಸಂದಿನಲ್ಲಿ ಅಷ್ಟು ಭಾಗವನ್ನು ಮಾತ್ರ ಮರಗಟ್ಟಿಸಿ, ಸಿರೆಯೊಳಗೆ ಸ್ವಲ್ಪ ದಪ್ಪವಾದ ಹೊರಗೊಳವೆಯನ್ನು ಇಡುವರು. ರೋಗಿಯು ಸಾಮಾನ್ಯವಾಗಿ ಎಚ್ಚರದಿಂದಲೇ ಇರುವನು. ಕ್ಷ-ಕಿರಣದ ತೆರೆಯ ಮೇಲೆ ತುಂಡು ಹೃದಯದ ಬಡಿತದೊಡನೆ ಕುಣಿಯುತ್ತಿರುವದು ಕಾಣುವದು. ಅದರ ಸಡಿಲವಾದ ತುದಿಯನ್ನು ಹುಡುಕಿ ಕುಣಿಕೆಯನ್ನು ತೊಡಿಸಬೇಕು. ನಡುವೆ ಹಿಡಿದರೆ ಅದು ಮಡಚಿಕೊಂಡು ಕೊಳವೆಯೊಳಗೆ ಬಾರದು. ಎರಡು ತುದಿಗಳೂ ಗೋಡೆಗೆ ಒತ್ತಿ ನಿಂತಿದ್ದರೆ ಮೊದಲು ಕೊಕ್ಕೆಯಂಥ ನಳಿಕೆಯಿಂದ ಒಂದು ತುದಿಯನ್ನು ಬಿಡಿಸಿಕೊಳ್ಳಬೇಕಾಗುವದು. ಅವಸರ ಮಾಡಿದರೆ ಕವಾಟದ ಎಳೆಗಳು ಹರಿಯಬಹುದು, ಬಡಿತವು ತಾಳ ತಪ್ಪಬಹುದು, ತುಂಡು ಕೈತಪ್ಪಿ ಇನ್ನೂ ದೂರ ಹೋಗಬಹುದು. ಎಡಹೃದಯದ ಕಡೆಗಿದ್ದರೆ ಭಯವು ಹೆಚ್ಚು. ಅಲ್ಲಿಂದ ತಪ್ಪಿದ್ದು ಮಿದುಳಿಗೂ ಹೋಗಬಲ್ಲದು. ತೆಗೆಯುವ ವಸ್ತುಗಳೂ ಈಗ ಬಹುವಿಧ: ಅರ್ಬುದರೋಗಕ್ಕೆ ಔಷಧ ಹಾಕಲು ಎದೆಯಲ್ಲಿಟ್ಟ ನಳಿಕೆಯ ತುಂಡು, ಕೈಜಾರಿ ಸಿರೆಯಲ್ಲಿ ಉಳಿದ ತಂತಿ, ಕಳಚಿದ ಸ್ಟೆಂಟು, ಹೃದಯದ ರಂಧ್ರವನ್ನು ಮುಚ್ಚಲು ಇಟ್ಟು ಸ್ಥಾನತಪ್ಪಿದ ಮುಚ್ಚಳ.

ಒಂದು ಕಾಲಕ್ಕೆ ಧಾರವಾಡದ ಜನರಿಗೆ ದೊಡ್ಡ ಶಸ್ತ್ರಕ್ರಿಯೆಯೆಂದರೆ ಮಿರಜದ ದವಾಖಾನೆ. ವಾನ್ಲೆಸ್ ಸಾಹೇಬರು 1894ರಲ್ಲಿ ಕಟ್ಟಿದ ಅದಕ್ಕೆ ರೈಲಿನಲ್ಲಿ ಹಾಸಿಗೆ ಬುತ್ತಿಗಳ ಸಮೇತ ಹೋಗುತ್ತಿದ್ದರು. 1957ರಲ್ಲಿ ಹುಬ್ಬಳ್ಳಿಗೆ ವೈದ್ಯಕೀಯ ಕಾಲೇಜು ಬಂದಿತು. 2003ರಲ್ಲಿ ಎರಡೂ ಊರುಗಳ ನಡುವಿನ ಸತ್ತೂರಿನಲ್ಲಿ ಧರ್ಮಸ್ಥಳದವರ ಕಾಲೇಜು ಆರಂಭವಾಯಿತು. ಸಪ್ತಾಪುರದಿಂದ ಸತ್ತೂರು ಈಗ ಅರ್ಧ ತಾಸಿನೊಳಗಿನ ದಾರಿ. ತುಂಡಾದ ನಳಿಕೆಯ ಸಂಗತಿಯನ್ನು ರೋಗಿಗೂ ಮನೆಯವರಿಗೂ ಕೂಡಲೆ ತಿಳಿಸುವದು ಮಾತ್ರ ದಾರಿಯ ದೂರದಿಂದ ನಿರ್ಣಯವಾಗುವ ವಿಷಯವಲ್ಲ. ಬೇಗ ತಿಳಿದರೆ ತೆಗೆಯುವದು ಹಗುರ. ಮುಚ್ಚಿಟ್ಟು ತಿಂಗಳುಗಳು ಕಳೆದರೆ ತುಂಡಿನ ಸುತ್ತಲೂ ಪೊರೆ ಬೆಳೆದು ಅದು ನಾಳದ ಗೋಡೆಗೆ ಬೆಸೆದುಕೊಳ್ಳುವದು. ಆಗ ಜಗ್ಗುವದೇ ಪ್ರಾಣಾಂತಿಕವಾಗಬಹುದು. ಹಾಗೆ ಬೆಸೆದು, ಏನೂ ಉಪದ್ರವ ಕೊಡದೆ ಇರುವದನ್ನು ಒಮ್ಮೊಮ್ಮೆ ಅಲ್ಲಿಯೇ ಬಿಡುವದುಂಟು. ವಿಶಲ್ಯಘ್ನ ಮರ್ಮದ ಮಾತು ಬೇರೆ ಕಾರಣದಿಂದ ಇಲ್ಲಿಯೂ ಸಲ್ಲುವದು.

ತೆಗೆದ ತುಂಡನ್ನು ಬಟ್ಟಲಿನಲ್ಲಿಟ್ಟೊಡನೆ ಕೆಲಸವು ಮುಗಿಯುವದಿಲ್ಲ. ಹೊರಗುಳಿದ ಭಾಗವನ್ನೂ ಒಳಗಿನಿಂದ ಬಂದ ಭಾಗವನ್ನೂ ಬಿಳಿಯ ಬಟ್ಟೆಯ ಮೇಲೆ ತುದಿಗೆ ತುದಿ ಜೋಡಿಸಿ, ಅಳತೆಪಟ್ಟಿಯನ್ನಿಟ್ಟು, ಎರಡೂ ಕೂಡಿ ಮೊದಲಿನ ಉದ್ದಕ್ಕೆ ಸರಿಹೋಗುವದೋ ಇಲ್ಲವೋ ಎಂದು ನೋಡುವರು.